ಅಕ್ಕನ ಓವನ್, ಭಾವನ ಮಂಡಕ್ಕಿ

ಕಳೆದ ಭಾನುವಾರ, ಮಧ್ಯಾಹ್ನ. ಹರಿಹರದಲ್ಲಿ ಅಕ್ಕನ ಮನೆ. ಹೊರಗೆ ಜಿಟಿಜಿಟಿ ಮಳೆ. ಮನೆಯಲ್ಲಿ ಅಕ್ಕ, ಭಾವ ಮತ್ತು ನಾನು.

ನಾನಿರುವುದು ದಾವಣಗೆರೆಯ ಸರಸ್ವತಿ ನಗರದಲ್ಲಿ. ಗ್ಲಾಕೋಮಾದಿಂದ ಅಕ್ಕನ ದೃಷ್ಟಿ ಹೆಚ್ಚುಕಡಿಮೆ ಹೋದ ಮೇಲೆ, ಭಾನುವಾರ ಬಸ್ ಹಿಡಿದು ಹೋಗಿ ಅವಳಿಗೆ ಕಾದಂಬರಿ ಓದಿ ಹೇಳುತ್ತೇನೆ. ಈಗ ನಡೆಯುತ್ತಿರುವುದು ರಷ್ಯನ್‌ನಿಂದ ಅನುವಾದವಾದ ಒಂದು ದಪ್ಪ ಪುಸ್ತಕ.

"ಒಬ್ಬೊಬ್ಬನಿಗೆ ಮೂರು ಹೆಸ್ರು. ಇವ್ರು ರೇಷನ್ ಕಾರ್ಡ್ ಹೆಂಗ ಮಾಡಿಸ್ತಾರವ್ವಾ?" ಎಂದು ಭಾವ ಪ್ರತಿ ವಾರ ಕೇಳುತ್ತಾರೆ.

ಅಕ್ಕನಿಗೆ ಗ್ಯಾಸಿನ ಉರಿ ಕಾಣುವುದಿಲ್ಲ. ಹೋದ ವರ್ಷ ಸೆರಗಿಗೆ ಬೆಂಕಿ ತಾಗಿದ ಮೇಲೆ ಭಾವ ಅವಳನ್ನು ಒಲೆಯ ಹತ್ತಿರ ಬಿಡುತ್ತಿಲ್ಲ. ಆಗ ಬಂದದ್ದು ಈ ಮೈಕ್ರೋವೇವ್ ಓವನ್.

ತನಗೆ ಬೇಕಾದ ಬಟನ್‌ಗಳ ಮೇಲೆ ಹಣೆಗೆ ಇಟ್ಟುಕೊಳ್ಳುವ ಸ್ಟಿಕ್ಕರ್ ಅಂಟಿಸಿಕೊಂಡಿದ್ದಾಳೆ. ಬೆರಳಿಗೆ ಅದು ಸಿಕ್ಕರೆ ಸಾಕು. ಸ್ಟೀಲ್ ಪಾತ್ರೆ ತಪ್ಪಿ ಒಳಗೆ ಹೋಗಬಾರದೆಂದು ಪಿಂಗಾಣಿ ಬಟ್ಟಲುಗಳಿಗೆ ಬೇರೆ ಕಪಾಟು.

ನೀರು ಕಾಯಿಸುವಾಗ ಕಪ್ಪಿನಲ್ಲಿ ಒಂದು ಮರದ ಚಮಚ ಇಟ್ಟಿರುತ್ತಾಳೆ. ಇಲ್ಲದಿದ್ದರೆ ಕುದಿಯದಂತೆ ಸುಮ್ಮನೆ ಕಾಣುವ ನೀರು ಹೊರತೆಗೆದಾಗ ಒಮ್ಮೆಲೇ ಉಕ್ಕಿ ಕೈ ಸುಡಬಹುದು. ಕೊನೆಗೆ ಬಾಗಿಲಿನ ಅಂಚನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಅಲ್ಲಿ ಜಿಡ್ಡು ಕೂತರೆ ಬಾಗಿಲು ಬಿಗಿಯಾಗಿ ಮುಚ್ಚುವುದಿಲ್ಲ.

ಯಾರನ್ನೂ ಕೇಳದೆ ಆ ಅಡುಗೆಮನೆಯಲ್ಲಿ ಅವಳು ಏನಾದರೂ ಬಿಸಿ ಮಾಡಿಕೊಳ್ಳಬಹುದಾದದ್ದು ಅದೊಂದರಲ್ಲೇ. ಬೆಳಗಿನ ಚಹಾ ಕೂಡ.

ಭಾವನಿಗೆ ಮಧ್ಯಾಹ್ನ ಮಂಡಕ್ಕಿ ಬೇಕು. ಮಳೆಗೆ ಅದು ಮೆತ್ತಗಾಗಿತ್ತು. ಬಿಸಿಲಿದ್ದರೆ ಮೊರದಲ್ಲಿ ಹರಡುತ್ತಾರೆ, ಇಲ್ಲದಿದ್ದರೆ ಬಾಣಲೆಯಲ್ಲಿ ಆಡಿಸುತ್ತಾರೆ. ಅವತ್ತು ಅಂಗಡಿಯ ನ್ಯೂಸ್‌ಪೇಪರ್ ಪೊಟ್ಟಣವನ್ನು ಹಾಗೆಯೇ ಓವನ್‌ನಲ್ಲಿಟ್ಟು, ಬಟನ್ ಒತ್ತಿ, ಕೊತ್ತಂಬರಿ ಕೀಳಲು ಹಿತ್ತಲಿಗೆ ಹೋದರು.

ಇದು ನಮಗೆ ಗೊತ್ತಿರಲಿಲ್ಲ. ನಾನು ನಡುಮನೆಯಲ್ಲಿ ಓದುತ್ತಿದ್ದೆ. ಅಕ್ಕ ಕೈ ಎತ್ತಿದಳು.

"ತಡಿ. ಏನೋ ಸುಡಾಕತ್ತೈತೆ."

ಒಳಗೆ ಹೋಗಿ ನೋಡಿದರೆ ಓವನ್‌ನ ಗಾಜಿನ ಹಿಂದೆ ಉರಿ. ಓವನ್‌ನಲ್ಲಿ ಬೆಂಕಿ ಎಂದು ಕೂಗಿದೆ. ಹಿತ್ತಲಿನಿಂದ ಬಂದ ಭಾವ ಒಂದು ಕೈಯಲ್ಲಿ ಚೊಂಬು ನೀರು ಹಿಡಿದು, ಇನ್ನೊಂದನ್ನು ಬಾಗಿಲಿನ ಹಿಡಿಗೆ ಹಾಕಿದ್ದಾರೆ.

"ಬಾಗ್ಲು ತೆಗೀಬ್ಯಾಡ್ರಿ."

ಹೇಳಿದವಳು ಅಕ್ಕ, ನನ್ನ ಹಿಂದೆಯೇ ಬಂದಿದ್ದಳು. ಗೋಡೆ ತಡವುತ್ತಾ ಸ್ವಿಚ್ ಆರಿಸಿದಳು. "ನೀರೂ ಬ್ಯಾಡ. ಗಾಳಿ ಸಿಗ್ಲಿಲ್ಲ ಅಂದ್ರ ತಾನ ಆರ್ತೈತೆ. ಸುಮ್ನ ನಿಂದ್ರಿ."

ನಿಂತೆವು. ಉರಿ ಸಣ್ಣದಾಯಿತು, ಕೆಂಪಗೆ ಕೂತಿತು, ಆರಿತು... ಗಾಜು ಹೊಗೆಯಿಂದ ಮುಚ್ಚಿಹೋಗಿತ್ತು.

ಮೊದಲು ಮಾತಾಡಿದವರು ಭಾವ. "ಇನ್ನ ಇದು ಮನ್ಯಾಗ ಬ್ಯಾಡ. ನಾಳೆ ಗುಜರಿಗೆ ಹಾಕ್ತೀನಿ."

"ಮಂಡಕ್ಕಿ ಇಟ್ಟೋರು ಯಾರು?" ಅಕ್ಕ ಕೇಳಿದಳು.

"ನಾನಿದ್ದಾಗ್ಲೇ ಹಿಂಗಾತು. ನೀನೊಬ್ಳ ಇದ್ದಿದ್ರ?"

"ನಾನೊಬ್ಳ ಇದ್ದಿದ್ರ ಆಗ್ತಿರ್ಲಿಲ್ಲ."

ಓವನ್ ಪೂರ್ತಿ ತಣ್ಣಗಾದ ಮೇಲೆ ಭಾವ ಸ್ಕ್ರೂಡ್ರೈವರ್ ತಂದರು. ಗುಜರಿಗೆ ಹಾಕುವ ವಸ್ತುವನ್ನೂ ಬಿಚ್ಚಿ ನೋಡದೆ ಅವರಿಂದ ಇರಲಾಗದು. ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು.

"ಲೇತ್ ಬಿಚ್ಚಿ ಕೂಡ್ಸೀನಿ. ಇದೇನು ಡಬ್ಬಿ."

ಪ್ಲಗ್ ಕಿತ್ತಿದ್ದರೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಅದು ಪ್ರಾಣ ತೆಗೆಯುವಷ್ಟು ಇರಬಹುದು ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಓವನ್ನನ್ನು ನೋಡಿದರು. ಸ್ಕ್ರೂಡ್ರೈವರ್ ಡಬ್ಬಿಗೆ ಹೋಗಲಿಲ್ಲ, ಜೇಬಿಗೆ ಹೋಯಿತು.

ಹಾಗಾಗಿ ಅವತ್ತೇ ಸಂಜೆ ಓವನ್ನನ್ನು ಆಟೋದಲ್ಲಿ ಹಾಕಿಕೊಂಡು ದಾವಣಗೆರೆಗೆ ಬಂದೆ.

ಮರುದಿನ ನಿಟ್ಟುವಳ್ಳಿಯ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಮೆಕ್ಯಾನಿಕ್ ಒಳಗೆ ಬೆರಳಾಡಿಸಿ, ಹತ್ತಿದ ಮಸಿ ಮೂಸಿ ನೋಡಿದ. "ಮಂಡಕ್ಕಿ ಏನ್ರಿ?"

ಹೌದೆಂದೆ.

"ಮಳಿಗಾಲ ಬಂತಂದ್ರ ಬರ್ತಾವ್ರೀ ಇಂಥವು. ದಾವಣಗೆರಿ ಬಿಟ್ರ ಬ್ಯಾರೆ ಎಲ್ಲೂ ಓವನ್‌ಗೆ ಈ ರೋಗ ಇಲ್ಲ."

ನೀರಿನಂಶ ಹೆಚ್ಚಿಲ್ಲದ ಒಣ ಪದಾರ್ಥವನ್ನು, ಅದೂ ಪೇಪರ್ ಸಮೇತ, ಇಟ್ಟರೆ ಹತ್ತಿಕೊಳ್ಳುತ್ತದೆ ಎಂದ. ಒಳಗೋಡೆಯ ಸುಟ್ಟ ಮೈಕಾ ಹಾಳೆ ಬದಲಿಸಿದ. ಬಾಗಿಲು, ಅದರ ಲಾಕ್, ಕಿರಣಗಳ ಲೀಕೇಜ್ ಎಲ್ಲ ನೋಡಿ, ಬಳಸಬಹುದು ಎಂದ. ಬಾಗಿಲು ತೆಗೆದಿದ್ದರೆ ಬೆಂಕಿ ಹೊರಗೆ ಬರುತ್ತಿತ್ತು ಎಂದೂ ಹೇಳಿದ.

ಬುಧವಾರದಿಂದ ಓವನ್ ನನ್ನ ಮನೆಯ ಡೈನಿಂಗ್ ಟೇಬಲ್ ಮೇಲಿದೆ.

ಸರಿಯಾಗಿದೆ ಎಂದು ತಿಳಿಸಲು ಫೋನ್ ಮಾಡಿದೆ. ಭಾವ ಎತ್ತಿದರು.

"ಅಲ್ಲೇ ಇಟ್ಗ. ನಿನಗ ಉಪಯೋಗಕ್ಕ ಬರ್ತೈತೆ. ನಿಮ್ಮಕ್ಕಗ ಚಾ ನಾನ ಮಾಡಿ ಕೊಡಾಕತ್ತೀನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಅವರು ಸೆರಗಿನ ಬೆಂಕಿಯನ್ನು ಕೈಯಿಂದಲೇ ಬಡಿದು ಆರಿಸಿದವರು.

ಆಮೇಲೆ ಅಕ್ಕ ಫೋನ್ ತೆಗೆದುಕೊಂಡಳು.

"ಚಾ ಚೊಲೋ ಮಾಡ್ತಾರ. ಅವ್ರು ಏಳೋತನ ಕಾಯ್ತೀನಿ, ಅಷ್ಟ."

ಭಾವ ಹೊರಗೆ ಹೋದ ಚಪ್ಪಲಿಯ ಸದ್ದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ, "ಅವ್ರು ಪ್ಯಾಟಿಗೆ ಹೋದಾಗ ತಂದಿಟ್ಟು ಹೋಗು" ಎಂದಳು.

ನೋಡೋಣ ಎಂದೆ.

ಎರಡು ದಿನ ಯೋಚಿಸಿದೆ. ಕದ್ದು ತಂದಿಟ್ಟರೆ ಅವಳು ಕದ್ದು ಚಹಾ ಮಾಡಿಕೊಳ್ಳಬೇಕಾಗುತ್ತದೆ. ಅದು ಅವಳ ಅಡುಗೆಮನೆ.

ಈ ಭಾನುವಾರ ಓವನ್ನನ್ನು ಹರಿಹರಕ್ಕೆ ಒಯ್ಯುತ್ತೇನೆ, ಭಾವ ಮನೆಯಲ್ಲಿರುವಾಗಲೇ. ಇನ್ನೂ ಇಬ್ಬರಿಗೂ ಹೇಳಿಲ್ಲ.