ಕುರ್ಚಿಯ ಮುಂದೆ ಇಟ್ಟ ಎಡೆ

ಮೂರನೇ ಬುಧವಾರ ಮೇಡಂ ಒಂದು ಖಾಲಿ ಕುರ್ಚಿ ಇಡಲು ಹೇಳಿದರು. ಅದರಲ್ಲಿ ನನ್ನ ಹೆಂಡತಿ ಕೂತಿದ್ದಾಳೆ ಅಂದುಕೊಂಡು, ಹೇಳದೆ ಉಳಿದದ್ದನ್ನು ಹೇಳಬೇಕಂತೆ. ನಮ್ಮ ಮನೆಯಲ್ಲಿ ಇರುವುದೇ ಎರಡು ಕುರ್ಚಿ. ಒಂದರ ಮೇಲೆ ಫೋನು ನೀರಿನ ಬಾಟಲಿಗೆ ಒರಗಿ ನಿಂತಿತ್ತು, ಇನ್ನೊಂದರ ಮೇಲೆ ನಾನಿದ್ದೆ.

"ಕುರ್ಚಿ ಇಲ್ಲ ಮೇಡಂ" ಎಂದೆ.

"ಹಾಗಾದರೆ ಮುಂದಿನ ವಾರಕ್ಕೆ ಒಂದು ತನ್ನಿ" ಎಂದರು.

ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಕುಮಟೆಯಿಂದ ಭಟ್ಕಳದ ಬಂದರಿಗೆ ಟೆಂಪೋದಲ್ಲಿ ಐಸು ಸಾಗಿಸುವುದು ನನ್ನ ಕೆಲಸ. ಟೆಂಪೋ ಹತ್ತಿ ಕೂತು ಹಾಗೆಯೇ ಇಳಿದುಬಿಡುತ್ತಿದ್ದೆ, ಹಾಗಾಗಿ ಕೆಲಸ ಬಿಟ್ಟು ಹೊನ್ನಾವರದ ಮನೆಯಲ್ಲಿ ಕೂತಿದ್ದೆ. ನರ್ಸ್ ಕೆಲಸದಲ್ಲಿರುವ ಅಕ್ಕನ ಮಗಳು ಈ ಮೇಡಂ ಅವರನ್ನು ಗೊತ್ತು ಮಾಡಿಕೊಟ್ಟಳು. ಮನಶ್ಶಾಸ್ತ್ರಜ್ಞೆ. ಭಟ್ಕಳದಲ್ಲಿ ಹುಟ್ಟಿ ಈಗ ದೂರದ ಊರಿನಲ್ಲಿರುವವರು, ವಾರಕ್ಕೊಮ್ಮೆ ಫೋನಿನ ಪರದೆಯಲ್ಲಿ ಬರುತ್ತಾರೆ. ನನ್ನ ಹತ್ತಿರ ಕನ್ನಡ, ಬಾಗಿಲಿಗೆ ಬಂದವರ ಹತ್ತಿರ ಹಿಂದಿ, ಒಳಗಿನಿಂದ ತಾಯಿ ಕರೆದರೆ ಕೊಂಕಣಿಯ ಹಾಗೇ ಕೇಳಿಸುವ ಭಟ್ಕಳದ ನವಾಯತಿ. ನನ್ನ ಹೆಂಡತಿಯ ಮನೆಮಾತು ಕೊಂಕಣಿ ಎಂದು ತಿಳಿದಾಗ, "ಬೇಕಾದರೆ ಅವರ ಹತ್ತಿರ ಕೊಂಕಣಿಯಲ್ಲೇ ಮಾತಾಡಿ, ನನಗೆ ಅರ್ಥವಾಗುತ್ತದೆ" ಎಂದರು. ನನಗೆ ಕೊಂಕಣಿಯಲ್ಲಿ ಬರುವುದು ಮೀನಿನ ಹೆಸರುಗಳು, ಮತ್ತೆ ಅವಳಿಂದ ತಿಂದ ಬೈಗುಳಗಳು.

ಮೇಡಂ ಅವರದು ಒಂದೇ ದಾರಿಯಲ್ಲ. ಹಲವು ದಾರಿ ಸೇರಿಸಿ, ಯಾರಿಗೆ ಯಾವುದು ಹೊಂದುತ್ತದೋ ಅದನ್ನು ಹಿಡಿಯುತ್ತಾರಂತೆ. ಮೊದಲ ವಾರ ನಾಲ್ಕು ಎಣಿಸಿ ಉಸಿರು ಎಳೆದುಕೊಳ್ಳಲು, ಆರು ಎಣಿಸಿ ಬಿಡಲು ಹೇಳಿದರು. ಎರಡನೇ ವಾರ ನೋಟ್‌ಬುಕ್ಕಿನ ನಡುವೆ ಗೆರೆ ಎಳೆಸಿದರು. ಎಡಗಡೆ ಮನಸ್ಸಿಗೆ ಬಂದ ಮಾತು, ಬಲಗಡೆ ಅದು ನಿಜವೋ ಸುಳ್ಳೋ ಎಂದು ಬರೆಯಬೇಕು. ಎಡಗಡೆ "ನನ್ನಿಂದ ಆಯಿತು" ಎಂದು ಬರೆದೆ. ಬಲಗಡೆ "ನಿಜ" ಎಂದು ಬರೆದೆ. ಏನು ನಿಮ್ಮಿಂದ ಆಯಿತು ಎಂದು ಕೇಳಿದರು. ಸಿಗ್ನಲ್ ಹೋಗುತ್ತಿದೆ ಎಂದು ಫೋನು ಇಟ್ಟೆ.

ಆದದ್ದು ಇಷ್ಟು. ಅವತ್ತು ಬೆಳಿಗ್ಗೆ ಎದೆ ಬಿಗಿದ ಹಾಗೆ ಆಗುತ್ತದೆ, ಆಸ್ಪತ್ರೆಗೆ ಹೋಗೋಣ ಎಂದು ಅವಳು ಹೇಳಿದ್ದಳು. ಟೆಂಪೋದಲ್ಲಿ ಐಸು ತುಂಬಿತ್ತು. ಭಟ್ಕಳದಲ್ಲಿ ಬೋಟಿನವರು ಕಾಯುತ್ತಿದ್ದರು. "ನಾಳೆ ಹೋಗ್ವ" ಎಂದೆ. "ಆತು" ಎಂದಳು. ಕೊಂಕಣಿಯಲ್ಲಿ ನಾಲ್ಕು ಬೈದಿದ್ದರೆ ಐಸು ಕರಗಲಿ ಎಂದು ನಿಲ್ಲುತ್ತಿದ್ದೆನೇನೋ. ಬೈಯಲಿಲ್ಲ. ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಬಿದ್ದವಳು ಏಳಲಿಲ್ಲ.

ಇದು ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಹೇಳ್ದೆ ಕೇಳ್ದೆ ಹೋಯ್ತಲ್ಲ." ನನ್ನ ಹೆತ್ತ ಆಯಿಯೂ ದಿನಕ್ಕೆ ನಾಲ್ಕು ಸಲ ಅದನ್ನೇ ಹೇಳುತ್ತಿದ್ದಳು. ಸತ್ತವಳ ಮೇಲೆ ಅವಳಿಗೆ ಸಿಟ್ಟು. ಸೊಸೆಗೆ ಬಾಯಿ ಇರಲಿಲ್ಲವೇ, ಒಂದು ಮಾತು ಹೇಳಬಾರದಿತ್ತೇ ಎಂದು. ನಾನು ಎದುರಿಗೇ ಕೂತು ಅನ್ನ ತಿನ್ನುತ್ತಿದ್ದೆ.

ಮುಂದಿನ ಬುಧವಾರ ಪಕ್ಕದ ಮನೆಯಿಂದ ಕುರ್ಚಿ ತಂದೆ.

"ಎಂತಕ್ಕೆ ಅದು? ಯಾರು ಬರ್ತ್ರು?" ಆಯಿ ಕೇಳಿದಳು.

"ಯಾರೂ ಬರೂದಿಲ್ಲ."

"ಬರದಿದ್ದವ್ರಿಗೆ ಕುರ್ಚಿ ಎಂತಕ್ಕೆ ಮಾರಾಯ?"

ಹೇಳದೆ ವಿಧಿಯಿರಲಿಲ್ಲ. ಕೇಳಿ ಆಯಿ, "ಓ, ಎಡೆಯಾ?" ಎಂದಳು. ಸತ್ತವರಿಗೆ ಇಷ್ಟದ ಅಡುಗೆಯನ್ನು ಬಾಳೆಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮಲ್ಲಿ ಇದೆ. ಅದು ಅಮಾವಾಸ್ಯೆಗೆ. ಇದು ಬೇರೆ ಎಂದೆ.

"ಬೇರೆ ಎಂತ? ಬರೀ ಕುರ್ಚಿ ಇಟ್ಟು ಕರೂದಾ ಮನೆಯ ಸೊಸೆನ? ನಿನ್ನ ಮೇಡಮ್ಮಿಗೆ ಅಷ್ಟೂ ತಿಳಿಯೂದಿಲ್ವಾ?"

ಮೂರು ಗಂಟೆಯ ಹೊತ್ತಿಗೆ ಕುರ್ಚಿಯ ಮುಂದೆ ಬಾಳೆಲೆ, ಅನ್ನ, ಬಂಗಡೆ ಸಾರು, ಒಣ ಸೀಗಡಿ ಚಟ್ನಿ ಬಂದವು. ಕುರ್ಚಿ ಕೊಟ್ಟ ಪಕ್ಕದ ಮನೆಯವಳು ಅಬ್ಬಲಿಗೆ ಹೂವಿನ ದಂಡೆ ತಂದು ಕುರ್ಚಿಯ ಬೆನ್ನಿಗೆ ಸಿಕ್ಕಿಸಿ, ಕೈಮುಗಿದು ಹೋದಳು. ಫೋನನ್ನು ತಿರುಗಿಸಿ ಮೇಡಂಗೆ ತೋರಿಸಿದೆ. ಇವರಾದರೂ ಆಯಿಗೆ ಬುದ್ಧಿ ಹೇಳಲಿ, ಇಲ್ಲವೆ ಇವತ್ತಿಗೆ ಸಾಕು ಎನ್ನಲಿ ಎಂದು.

"ಇರಲಿ. ಇದೂ ಒಂದು ದಾರಿಯೇ" ಎಂದರು ಮೇಡಂ.

ಈ ಹೆಂಗಸಿಗೆ ದಾರಿಯಲ್ಲದ್ದು ಯಾವುದೂ ಇಲ್ಲವೇ ಎಂದು ತಲೆ ಕೆಟ್ಟುಹೋಯಿತು. ಬಾಗಿಲು ಮುಚ್ಚಿ ಹೊರಗೆ ಹೋಗಬೇಕಾದ ಆಯಿ ಹೋಗಲಿಲ್ಲ. ಎಲೆಯ ಪಕ್ಕದಲ್ಲಿ ಕೂತು ಕುರ್ಚಿಗೇ ಶುರು ಮಾಡಿದಳು. "ಉಣ್ಣು. ಬಾಯಿ ಉಣ್ಣೂಕೆ ಮಾತ್ರ ಕೊಟ್ಟಿದ್ನೇ ದೇವ್ರು ನಿಂಗೆ? ಒಂದು ಮಾತು ಹೇಳಿದ್ರೆ ಎಂತ ಆಗ್ತಿತ್ತು? ನಾನು ಸತ್ತಿದ್ನಾ ಮನೆಲಿ?"

"ಹೇಳಿತ್ತು ಅದು" ಎಂದೆ.

ಆಯಿ ತಿರುಗಿದಳು.

"ನನ್ನ ಹತ್ರ ಹೇಳಿತ್ತು, ಬೆಳಿಗ್ಗೆ. ನಾಳೆ ಹೋಗ್ವ ಅಂದೆ ನಾನು. ದಿನಾ ಅದಕ್ಕೆ ಬೈಬೇಡ."

ಕುರ್ಚಿಗೆ ಹೇಳಬೇಕಾದದ್ದನ್ನು ಆಯಿಗೆ ಹೇಳಿದ್ದೆ.

"ಅದು ಎಂತ ಅಂತು?" ಆಯಿ ಕೇಳಿದಳು.

"ಆತು ಅಂತು."

ಆಯಿ ಬಂಗಡೆಯ ತುಂಡನ್ನು ಎಲೆಯಲ್ಲಿ ಸ್ವಲ್ಪ ಮುಂದಕ್ಕೆ, ಕುರ್ಚಿಯ ಕಡೆಗೆ ಸರಿಸಿದಳು. ಮೊಣಕಾಲು ಹಿಡಿದು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ನನ್ನನ್ನು ಹೊರಗೆ ಕರೆಯಲಿಲ್ಲ.

ಸಂಜೆ ಪಕ್ಕದ ಮನೆಯವಳು ಕುರ್ಚಿ ಒಯ್ಯಲು ಬಂದಳು. ಬಂದವಳು ಅದರ ಮೇಲೆಯೇ ಕೂತು, "ಎಷ್ಟು ಒಳ್ಳೇದಿತ್ತು, ಹೇಳ್ದೆ ಕೇಳ್ದೆ ಹೋಯ್ತಲ್ಲ" ಎಂದಳು.

ಆಯಿ ಎಲೆ ಮಡಚುತ್ತಿದ್ದಳು. "ಹೇಳಿತ್ತು ಅದು" ಎಂದಳು. "ನಮ್ಗೇ ಕೇಳ್ಲಿಲ್ಲ."