ಕಾಗುಣಿತಪ್ಪನವರು ಗಾಳಿ ಬಿಟ್ಟಿದ್ದು

ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದ್ದಕ್ಕೆ ಸಹೋದ್ಯೋಗಿಗಳು ಪ್ರೀತಿಯಿಂದಲೋ ಸೇಡಿನಿಂದಲೋ ಅವರಿಗೆ ಇಟ್ಟ ಹೆಸರು ಕಾಗುಣಿತಪ್ಪ. ಊಟದ ಡಬ್ಬಿಗೆ ಸುತ್ತಿದ ಹಳೇ ಪತ್ರಿಕೆಯನ್ನೂ ತಿದ್ದಿ ಮುಗಿಸದೆ ಅವರು ಡಬ್ಬಿ ಬಿಚ್ಚುತ್ತಿರಲಿಲ್ಲ. ಜಗತ್ತಿನಲ್ಲಿ ಅಚ್ಚಾದದ್ದೆಲ್ಲ ತಪ್ಪು, ತಿದ್ದಿದ್ದೆಲ್ಲ ಸರಿ ಎಂಬುದು ಅವರ ಸಿದ್ಧಾಂತ. ತಿದ್ದುವವರು ತಾವೇ ಆದ್ದರಿಂದ ಆ ಸಿದ್ಧಾಂತಕ್ಕೆ ಎದುರಾಳಿ ಇನ್ನೂ ಹುಟ್ಟಿರಲಿಲ್ಲ.

ಇಂಥವರ ಹಳೇ ಕಾರು ಶನಿವಾರ ಬೆಳಿಗ್ಗೆ ಗೇಟಿನೆದುರೇ ಬುಸ್ಸೆಂದು ಹಬೆ ಉಗುಳಿ ನಿಂತಿತು. ಸ್ಟೇರಿಂಗ್ ಹಿಡಿದಿದ್ದವಳು ಹೆಂಡತಿ. ಸೋಮವಾರ ಆಕೆಯ ಡ್ರೈವಿಂಗ್ ಟೆಸ್ಟ್. ನಲವತ್ತೆಂಟನೇ ವಯಸ್ಸಿಗೆ ಸಿಕ್ಕ ಹೊಸ ಕೆಲಸ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸುವುದು. ಪಾಸಾದರೆ ಅಂದೇ ಕೆಲಸಕ್ಕೆ. ಇಲ್ಲದಿದ್ದರೆ ಆ ಕೆಲಸ ಸಾಲಿನಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ. ಬೇರೆ ಕಾರನ್ನು ಆಕೆ ಮುಟ್ಟಿಯೂ ನೋಡಿರಲಿಲ್ಲ. ಈ ಕಾರಿನ ಕ್ಲಚ್ಚಿನ ಮುನಿಸೊಂದೇ ಆಕೆಗೆ ಗೊತ್ತಿದ್ದದ್ದು.

"ಗ್ಯಾರೇಜಿನವರನ್ನ ಕರೀರಿ," ಎಂದಳು.

"ಯಾಕೆ, ನನಗೆ ಓದೋಕೆ ಬರಲ್ವಾ?"

"ಓದೋಕೆ ಬರುತ್ತಲ್ಲ, ಅದೇ ಭಯ ಕಣೋ," ಎಂದರು ವರಾಂಡದ ಕುರ್ಚಿಯಿಂದ ಅವರ ತಾಯಿ.

ಕೆಟ್ಟದ್ದು ಸಣ್ಣದೇ. ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಸೀಳಿತ್ತು. ಅಂಗಡಿಯಿಂದ ಹೊಸ ಪೈಪು, ಎರಡು ಕ್ಲಿಪ್ಪು, ಎಂಜಿನ್ ತಂಪಾಗಿಡುವ ಹಸಿರು ಕೂಲಂಟ್ ಒಂದು ಕ್ಯಾನು ಬಂದವು. ಕ್ಯಾನಿನ ಜೊತೆ ಒಂದು ಸೂಚನಾಪತ್ರವೂ ಬಂತು. ಅಲ್ಲಿಗೆ ದುರಂತಕ್ಕೆ ಬೇಕಾದ ಸಾಮಗ್ರಿಯೆಲ್ಲ ಕೂಡಿದಂತಾಯಿತು.

ಯುದ್ಧಕ್ಕೆ ಹೊರಟ ಸೇನಾಪತಿಯ ಹಾಗೆ ಸೊಂಟಕ್ಕೆ ಟವೆಲ್ ಬಿಗಿದ ಕಾಗುಣಿತಪ್ಪನವರು ಸ್ಪ್ಯಾನರ್ ಮುಟ್ಟುವ ಮೊದಲು ಕೆಂಪು ಪೆನ್ನು ಹಿರಿದರು. 'ಮುಚ್ಛಳ'ದ ಮಹಾಪ್ರಾಣ ತೆಗೆದರು. 'ಬೀಸಿ ಎಂಜಿನ್' ಅನ್ನು ಬಿಸಿ ಮಾಡಿದರು. ಏಳನೇ ಸೂಚನೆಗೆ ಬಂದಾಗ ಪೆನ್ನು ನಿಂತಿತು: 'ಕೂಲಂಟ್ ತುಂಬಿದ ಮೇಲೆ ಒಳಗಿನ ಗಾಳಿಯನ್ನು ಬಿಡಿ.'

ಬಿಡಿ ಎಂದರೇನು? ನೀರು ಕಾದರೆ ಹಿಗ್ಗುತ್ತದೆ. ಹಿಗ್ಗಲು ಜಾಗ ಬೇಡವೇ? ಅಂದಮೇಲೆ ಗಾಳಿಯನ್ನು ಅದರ ಪಾಡಿಗೆ ಬಿಟ್ಟುಬಿಡಿ ಎಂದೇ ಅರ್ಥ. ಬರೆದವನ ಭಾಷಾದಾರಿದ್ರ್ಯಕ್ಕೆ ಮರುಗಿ, ಮುಂದೆ ಯಾರೂ ದಾರಿ ತಪ್ಪದಿರಲೆಂದು, 'ಗಾಳಿಯನ್ನು' ಆದಮೇಲೆ ಒಂದು ಹಂಸಪಾದ ಹಾಕಿ 'ಹಾಗೆಯೇ' ಎಂದು ಸೇರಿಸಿದರು.

ಪೈಪು ಬದಲಿಸಲು ಅರ್ಧ ದಿನ ಹಿಡಿಯಿತು. ಹಳೇ ಕ್ಲಿಪ್ಪು ತೆಗೆಯುವಾಗ ಹೆಬ್ಬೆರಳಿನ ಚರ್ಮ ಹೋಯಿತು, ಹೊಸದು ಹಾಕುವಾಗ ತಾಳ್ಮೆ ಹೋಯಿತು. ಸಂಜೆ ಕೂಲಂಟ್ ಸುರಿದು, ಮುಚ್ಚಳ ಬಿಗಿದು, "ಬಾ, ಒಂದು ಸುತ್ತು ಹೋಗಿಬರೋಣ," ಎಂದು ಹೆಂಡತಿಯನ್ನು ರಾಜಗಾಂಭೀರ್ಯದಿಂದ ಕರೆದರು.

ಎರಡನೇ ತಿರುವಿಗೇ ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟಿತು. ಬಾನೆಟ್ಟಿನೊಳಗೆ ಹೊಟ್ಟೆ ಕೆಟ್ಟವರ ಹಾಗೆ ಗುಳುಗುಳು. ಆಕೆ ಎಂಜಿನ್ ಆರಿಸಿದಳು. ಮನೆಯವರೆಗೆ ಆಕೆ ಸ್ಟೇರಿಂಗ್ ಹಿಡಿದಳು, ಸೇನಾಪತಿ ಹಿಂದಿನಿಂದ ತಳ್ಳಿದರು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡದ್ದು ಸೆಖೆಗಂತೂ ಅಲ್ಲ.

ಭಾನುವಾರ ಬೆಳಿಗ್ಗೆ ಆಕೆ ಸೂಚನಾಪತ್ರ ಹಿಡಿದು ಬಂದಳು.

"ಇಲ್ಲಿ 'ಹಾಗೆಯೇ' ಅಂತ ಕೆಂಪಲ್ಲಿ ಬರೆದವರು ಯಾರು?"

"ಅರ್ಥ ಸ್ಪಷ್ಟ ಆಗಲಿ ಅಂತ..."

"ಯಾರೋ ನಿಮ್ಮ ಟೈರಿನ ಗಾಳಿ ಬಿಟ್ರು ಅಂದ್ರೆ, ಟೈರಲ್ಲೇ ಇರಲಿ ಅಂತ ಬಿಟ್ರು ಅಂತಾನಾ?"

ಕಾಗುಣಿತಪ್ಪನವರು ಪತ್ರ ತೆಗೆದುಕೊಂಡು ಏಳನೇ ಸೂಚನೆಯನ್ನು ಮತ್ತೊಮ್ಮೆ ಓದಿದರು.

"ಗಾಳಿ ಸಿಕ್ಕೊಂಡ ಕಡೆ ನೀರು ಹರಿಯಲ್ಲ ರೀ. ಅದನ್ನ ಹೊರಗೆ ಬಿಡಬೇಕು."

"ಚಿಕ್ಕೋನಿದ್ದಾಗಲೂ ಅಷ್ಟೇ ಕಣಮ್ಮ," ಎಂದರು ತಾಯಿ. "ಬಾಯಿ ಮುಚ್ಚು ಅಂದ್ರೆ ಯಾರ ಬಾಯಿ ಅಂತ ಕೇಳ್ತಿದ್ದ."

ಆಮೇಲೆ ಆಕೆ ಹೇಳಿದಳು, ಅವರು ಮಾಡಿದರು. ಎಂಜಿನ್ ರಾತ್ರಿಯೆಲ್ಲ ನಿಂತು ತಣ್ಣಗಾಗಿತ್ತು. ಪೈಪಿನ ಮೇಲಿದ್ದ ಸಣ್ಣ ತಿರುಪನ್ನು ಆಕೆ ಸಡಿಲಿಸಿದಳು. ಮಗುವಿಗೆ ಔಷಧಿ ಕುಡಿಸುವಷ್ಟು ನಿಧಾನವಾಗಿ ಅವರು ಕೂಲಂಟ್ ಸುರಿದರು. ತಿರುಪಿನ ಬಾಯಲ್ಲಿ ಗುಳ್ಳೆಗಳು ಬಂದವು, ಮತ್ತೆ ಬಂದವು, ಬರುತ್ತಲೇ ಇದ್ದವು. ತಾವು ಸೇರಿಸಿದ ಒಂದೇ ಪದದೊಳಗೆ ಇಷ್ಟೊಂದು ಗಾಳಿಯಿತ್ತೇ ಎಂದು ಅವರಿಗೇ ಬೆರಗು. ಗುಳ್ಳೆಯಿಲ್ಲದ ಹಸಿರು ಧಾರೆ ಬಂದ ಮೇಲೆ ಆಕೆ ತಿರುಪು ಬಿಗಿದಳು. ಮಧ್ಯಾಹ್ನವೆಲ್ಲ ಕಾರಿನಲ್ಲಿ ಸುತ್ತಿದರು. ಮುಳ್ಳು ನಡುವಿನಿಂದ ಅಲುಗಲಿಲ್ಲ. ಕಾಗುಣಿತಪ್ಪನವರ ಕಣ್ಣು ಮುಳ್ಳಿನಿಂದ ಅಲುಗಲಿಲ್ಲ.

ಸೋಮವಾರ ಟೆಸ್ಟಿನ ಮೈದಾನದೊಳಗೆ ಗಂಡಂದಿರನ್ನು ಬಿಡಲಿಲ್ಲ. ಐದು ಲೀಟರ್ ನೀರಿನ ಕ್ಯಾನು ಹಿಡಿದು ಅವರು ತಂತಿಬೇಲಿಯ ಹೊರಗೆ ನಿಂತರು. ಒಳಗೆ ಏಳು ಕಾರುಗಳ ಸಾಲು, ಮೇಲೆ ಸುಡುಬಿಸಿಲು. ಎಂಜಿನ್ ಆರಿಸುವ ಹಾಗಿಲ್ಲದೆ ಅವರ ಕಾರು ಆಮೆಯಂತೆ ತೆವಳಿತು. ಬಾನೆಟ್ಟಿನ ಮೇಲೆ ಬಿಸಿಲ ಝಳ ಕುಣಿದಾಗಲೆಲ್ಲ ಹಬೆಯೆಂದು ಬಗೆದು ಇವರು ಇಲ್ಲೇ ಕುದಿದರು. ಆಕೆಯ ಸರದಿ ಬಂತು, ಕಾರು ಗೋಡೆಯಾಚೆ ಮರೆಯಾಯಿತು.

ಎಷ್ಟೋ ಹೊತ್ತಾದ ಮೇಲೆ ಅದು ಹೊರಬಂದು ಅವರ ಕಾಲ ಬಳಿಯೇ ನಿಂತಿತು.

"ಏನಂದ್ರು?"

"ಪಾಸು."

"ಮುಳ್ಳು ಎಲ್ಲಿತ್ತು?"

"ಯಾವ ಮುಳ್ಳು? ನಾನು ರಸ್ತೆ ನೋಡ್ತಿದ್ದೆ," ಎಂದಳು. "ಬೇಗ ಹತ್ತಿ. ಹತ್ತೂವರೆಗೆ ಮೊದಲನೇ ರೋಗಿ. ನಿಮ್ಮನ್ನ ಪ್ರೆಸ್ಸಿನ ಹತ್ರ ಇಳಿಸಿ ಹೋಗ್ತೀನಿ."

ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಕೂತ ಕಾಗುಣಿತಪ್ಪನವರು ಮೊದಲ ತಿರುವಿನಲ್ಲಿ ತಮ್ಮ ಕಡೆ ಇಲ್ಲದ ಬ್ರೇಕನ್ನು ಬಲವಾಗಿ ಒತ್ತಿದರು. ಕಾರು ನಿಲ್ಲಲಿಲ್ಲ. ಆಕೆ ಗೇರು ಬದಲಿಸಿದಳು.