ಗೆಟ್ಸೆಲ್ ಅಜ್ಜನ ಹತ್ತನೇ ಕ್ಯಾರೆಟ್

ಜೆರುಸಲೇಮಿನ ನಮ್ಮ ಗಲ್ಲಿಯಲ್ಲಿ ಗೆಟ್ಸೆಲ್ ಅಜ್ಜನಂಥ ಧರ್ಮಿಷ್ಠರನ್ನು ಸಹಿಸಿಕೊಳ್ಳುವುದು ಕಷ್ಟ. ಸಂಪಾದನೆಯಲ್ಲಿ ಹತ್ತನೇ ಒಂದು ಪಾಲು ಬಡವರಿಗೆ ಎಂಬುದು ನಮ್ಮ ಯೆಹೂದಿಗಳೆಲ್ಲರ ಕಟ್ಟಳೆ. ಇವರಿಗೆ ಕೈಗೆ ಬಂದದ್ದೆಲ್ಲ ಸಂಪಾದನೆಯೇ. ಮದುವೆಯೂಟದಲ್ಲಿ ಮೀನಿನ ತುಂಡೊಂದನ್ನು ಬೆಕ್ಕಿಗೆ ಎತ್ತಿಡುತ್ತಾರೆ: “ಪಾಪ, ಅದಕ್ಕೇನು ಸಂಬಳ ಬರುತ್ತಾ?” ಯಾರೋ ಕೊಟ್ಟ ಹಳೇ ಕೋಟಿಗೆ ಹತ್ತು ಗುಂಡಿಗಳಿದ್ದವು, ಒಂದನ್ನು ಕಿತ್ತು ದಾನ ಮಾಡಿ, ಚಳಿಗಾಲವಿಡೀ ಹೊಟ್ಟೆಗೆ ಗಾಳಿ ಹೊಡೆಸಿಕೊಂಡರು. ಶುಕ್ರವಾರ ಬೆಳಿಗ್ಗೆ ನಮ್ಮ ದಾನಸಮಿತಿಯ ದಿನಸಿ ಡಬ್ಬವನ್ನು ಇವರ ಮನೆಗೆ ತಲುಪಿಸುವವನು ನಾನೇ. ಮಧ್ಯಾಹ್ನದೊಳಗೆ ಅಜ್ಜ ಒಗೆದ ಅಂಗಿ ತೊಟ್ಟು, ಗಡ್ಡ ಬಾಚಿಕೊಂಡು, ಡಬ್ಬದ ಹತ್ತು ಕ್ಯಾರೆಟ್ಟುಗಳಲ್ಲಿ ಒಂದನ್ನು ಹಿಡಿದು ಸಮಿತಿಯ ಬಾಗಿಲಲ್ಲಿ ಹಾಜರು. “ಬಡವರಿಗೆ ಕೊಡಿ.” ಗಲ್ಲಿಗೆಲ್ಲ ಕಡುಬಡವರು ಇವರೇ ಆದ್ದರಿಂದ ಅದು ಮುಂದಿನ ವಾರ ಇವರ ಡಬ್ಬಕ್ಕೇ ಹೋಗುತ್ತದೆ. ಒಮ್ಮೆ ಬಡವರ ಪಾಲಾದದ್ದನ್ನು ತಾವು ಬಾಯಿಗಿಡಬಾರದೆಂದು ಇವರು ಅದನ್ನೇ ವಾಪಸು ತರುತ್ತಾರೆ. ಕಳೆದ ಶುಕ್ರವಾರ ಬಾಡಿ ಬೆಂಡಾದ ಆ ಕ್ಯಾರೆಟ್ಟನ್ನು ಮುಖ ನೋಡಿಯೇ ಗುರುತು ಹಿಡಿದೆ. “ಅಜ್ಜಾ, ತಿಂದ್ಬಿಡಬಾರ್ದಾ ಇದನ್ನ? ಯಾಕೆ ಸುಮ್ನೆ ಮೆಟ್ಟಿಲು ಹತ್ತಿ ಸಾಯ್ತೀರಿ?” ಎಂದು ರೇಗಿದೆ. ಅಜ್ಜ ಅದನ್ನು ನನ್ನ ಕೈಗೆ ತುರುಕಿದರು. “ಕೊಡೋಕೆ ಅಂತ ವಾರವಾರ ನನ್ನ ಬಾಗಿಲು ತಟ್ತೀಯಲ್ಲ, ಆ ಸುಖಾನೆಲ್ಲ ನೀನೊಬ್ನೇ ತಿನ್ಬೇಕೇನೋ?”